ಬಲ್ಲಾಳರ ತಡೆಗಳು ಅದೃಷ್ಟದವಲ್ಲ

ಹಾಕಿಯ ಪೆನಾಲ್ಟಿ ನಿರ್ಣಯ ಬರೀ ಅದೃಷ್ಟದ ಆಟ, ಅದರಲ್ಲಿ ಗೋಲ್‌ಕೀಪರನ ಹೆಚ್ಚುಗಾರಿಕೆ ಏನೂ ಇಲ್ಲ ಎಂದು ವಾದಿಸಿದ ಲೇಖನ ಓದಿದೆ. ಒಪ್ಪಲಾರೆ. ಲೇಖಕರು 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್ಲನ್ನು ಮರೆತಿದ್ದಾರೆ. ದಕ್ಷಿಣ ಕೊರಿಯಾದೆದುರು ಆಟ 1-1ರಲ್ಲಿ ನಿಂತಾಗ ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದರು. ಭಾರತ 4-2ರಿಂದ ಗೆದ್ದಿತು. 1966ರ ಬಳಿಕ ನಮಗೆ ಬಂದ ಮೊದಲ ಏಷ್ಯಾಡ್ ಪುರುಷರ ಹಾಕಿ ಚಿನ್ನ ಅದು.

ಅಂದಿನ ಸ್ಟ್ರೋಕ್ ಹೊಡೆಯುತ್ತಿದ್ದದ್ದು ಕೇವಲ 6.4 ಮೀಟರ್ ದೂರದಿಂದ. ಗೋಲಿನ ಅಗಲ 3.66 ಮೀಟರ್. ಚೆಂಡು ಹೊರಡುವ ತನಕ ಕೀಪರ್ ಗೆರೆಯಿಂದ ಕಾಲು ಕೀಳುವಂತಿಲ್ಲ. ಎದುರಾಳಿಯ ಭುಜ, ಮಣಿಕಟ್ಟು, ಸ್ಟಿಕ್ಕಿನ ಓರೆ ನೋಡಿ ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಒಂದನ್ನು ತಡೆದರೆ ಅದೃಷ್ಟ ಎನ್ನಿ; ಫೈನಲ್ಲಿನಲ್ಲಿ ಎರಡನ್ನು ತಡೆಯಲು ವರ್ಷಗಳ ಅಭ್ಯಾಸ ಬೇಕು.

ನಮ್ಮ ಸಿದ್ದಾಪುರದ ಕಡೆ ಕೊಯ್ಲಾದ ಗದ್ದೆಯಲ್ಲಿ ಫುಟ್‌ಬಾಲ್ ಆಡುವ ಮಕ್ಕಳೂ ಓಡಲಾರದವನನ್ನೇ ಗೋಲಿಗೆ ನಿಲ್ಲಿಸುತ್ತಾರೆ. ಆ ತಾತ್ಸಾರಕ್ಕೆ ಇಂಥ ಬರಹ ಇಂಬು ಕೊಡುತ್ತದೆ. ಚಿನ್ನ ಗೆದ್ದು ಬಂದ ಮೇಲೆ ಬಲ್ಲಾಳರನ್ನೂ ನಾಯಕ ಧನರಾಜ್ ಪಿಳ್ಳೆಯವರನ್ನೂ ತಂಡದಿಂದ ಕೈಬಿಟ್ಟದ್ದು ನನಗೆ ಇಂದಿಗೂ ಸಂಕಟ. ಲೇಖಕರು ಬರೆಯಬೇಕಾದದ್ದು ಆ ಅನ್ಯಾಯದ ಬಗ್ಗೆ.