ಆಷಾಢದಾಗ ಮನಿ ನೋಡ್ರಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ವರ್ಷ ವರ್ಷವೂ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟವಳು ನಾನು. ಅವರೂ ಖರ್ಚು, ಸಾಲ, ತಾಪತ್ರಯ ಎಂದು ಬರೆಯುತ್ತಿದ್ದರು, ನಾನೂ ಹತ್ತಕ್ಕೆ ಏಳು ಅಂಕ ಹಾಕುತ್ತಿದ್ದೆ. ಆ ಗಾದೆಯಲ್ಲಿ 'ನೋಡು' ಎಂಬ ಮಾತು ಎರಡು ಸಲ ಬಂದಿದೆ ಎಂಬುದು ನನಗೆ ಹೊಳೆದದ್ದು 2019ರ ಆಗಸ್ಟಿನಲ್ಲಿ, ಗೋಕಾಕದ ನಮ್ಮ ಸ್ವಂತ ಮನೆಯ ಪಡಸಾಲೆಯಲ್ಲಿ, ಮೊಣಕಾಲುಮಟ್ಟದ ರಾಡಿ ನೀರಿನಲ್ಲಿ ನಿಂತಾಗ. ನಾವು ಮನೆ ಕೊಂಡಿದ್ದೆವು, ನೋಡಿರಲಿಲ್ಲ.

ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಯಾವಾಗ ಹೋಗಬೇಕು? ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಉತ್ತರ ಒಂದೇ: "ಆಷಾಢ ಬರೂದ್ರೊಳಗ." ಆಷಾಢದಲ್ಲಿ ಶುಭಕಾರ್ಯವಿಲ್ಲ. ಜೂನಿಗೆ ಸಾಲೆ ಸುರು. ಮೇಲೆ ಒಂದು ತಿಂಗಳ ಬಾಡಿಗೆ ದಂಡ. ಹೀಗಾಗಿ ಫಾಲ್ಗುಣದಲ್ಲಿ ಮನೆ ನೋಡಿ, ಯುಗಾದಿಗೆ ಸಂಚಕಾರ ಕೊಟ್ಟು, ಅಕ್ಷಯ ತದಿಗೆಗೆ ಹಾಲು ಉಕ್ಕಿಸಿಬಿಡುತ್ತೇವೆ. ನೆಲ ಒಣಗಿ ಕಲ್ಲಾಗಿರುವ, ಹಳ್ಳ ಬತ್ತಿ ದಾರಿಯಾಗಿರುವ ಕಾಲ ಅದು. ಬಿಸಿಲಿನಲ್ಲಿ ಎಲ್ಲ ಮನೆಯೂ ಚೆಂದ. ಹೆಣ್ಣು ನೋಡಲು ಹೋದವರು ಆಕೆ ಸಿಂಗಾರವಾಗಿ ಕೂತಾಗಲೇ ನೋಡಿ ಎದ್ದುಬಂದಂತೆ ನಾವು ಮನೆ ನೋಡುತ್ತೇವೆ.

ಅಕ್ಕ ತಂಗಿಯರೆ, ಈ ರೂಢಿ ತಪ್ಪು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಡಿಗೆ ಮನೆ ಬಿಡುವ ಮೊದಲು, ಕೊಳ್ಳಬೇಕೆಂದಿರುವ ಮನೆಯನ್ನು ಒಂದು ಮಳೆಗಾಲ ನೋಡಿರಿ. ಅಲ್ಲಿಯವರೆಗೆ ಸಂಚಕಾರ ಕೊಡಬೇಡಿರಿ.

ಈ ಮಾತಿಗೆ ನಾನು ತೆತ್ತ ಬೆಲೆ ಹೇಳುತ್ತೇನೆ. ನನ್ನ ನೌಕರಿ ಸುರುವಾದದ್ದು ಹುಕ್ಕೇರಿಯಲ್ಲಿ. ಅಲ್ಲಿಂದ ಮೂಡಲಗಿ, ಮೂಡಲಗಿಯಿಂದ ಗೋಕಾಕ. ಮೂರು ಊರುಗಳಲ್ಲಿ ಒಟ್ಟು ಆರು ಬಾಡಿಗೆ ಮನೆ. ಗೋಕಾಕದ ಕೊನೆಯ ಬಾಡಿಗೆ ಮನೆ ಎತ್ತರದ ಓಣಿಯಲ್ಲಿತ್ತು. ಮಾಲಕಿ ಆಯಿ ಮೇಲಿನ ಮನೆಯಲ್ಲಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಹತ್ತರ ಮೇಲೆ ನಳ ಬಿಡಬಾರದು, ಬಂದವರು ಎರಡು ದಿನಕ್ಕಿಂತ ಹೆಚ್ಚು ಇದ್ದರೆ ಒಂದು ಮಾತು ಹೇಳಬೇಕು. ಇದೆಲ್ಲ ನನಗೆ ಮುಳ್ಳಾಗಿತ್ತು. ಅದಕ್ಕಿಂತ ದೊಡ್ಡ ಮುಳ್ಳು ಲಗ್ನ, ಕುಬಸದ ಮನೆಗಳಲ್ಲಿ ಗೆಳತಿಯರು ಕೇಳುತ್ತಿದ್ದ ಪ್ರಶ್ನೆ: "ಇಬ್ಬರದೂ ಪಗಾರ ಐತಿ, ಇನ್ನೂ ಬಾಡಿಗಿ ಮನ್ಯಾಗ ಅದೀರೇನ್ರಿ ಅಕ್ಕೋರ?"

ನಮ್ಮ ಮನೆಯವರು ನಿಧಾನಸ್ಥರು. ಆ ಮನೆ ತೋರಿಸಿದಾಗ ಅವರು, "ಒಂದ ಮಳಿಗಾಲ ತಡಿ, ನೋಡೂಣು" ಎಂದಿದ್ದರು. "ಆಷಾಢದಾಗ ಯಾರರ ಮನಿ ನೋಡತಾರೇನ್ರಿ? ಅಷ್ಟರಾಗ ಬ್ಯಾರೆಯವರು ತಗೊಂಡ ಹೋಗತಾರ" ಎಂದವಳು ನಾನೇ. ಗಂಡಸರು ಹೆಂಗಸರ ಮಾತು ಕೇಳುವುದಿಲ್ಲ ಎಂದು ದೂರುವ ನಾನು, ಅವರು ಕೇಳಿದ ಆ ಒಂದು ದಿನವನ್ನು ಇಂದಿಗೂ ನೆನೆಸಿ ನಾಚುತ್ತೇನೆ. ನನ್ನ ಪಾಟಲಿ, ಬಿಲವಾರ ಮಾರಿದೆವು. ಉಳಿದದ್ದಕ್ಕೆ 20 ಲಕ್ಷ ಸಾಲ ಮಾಡಿದೆವು. 2019ರ ಮೇ 7, ಅಕ್ಷಯ ತದಿಗೆ. ಹಾಲು ಚೆನ್ನಾಗಿಯೇ ಉಕ್ಕಿತು. ಹೊಸ ಗೋಡೆಗೆ ಅದೇ ದಿನ ನಾನು ಹನ್ನೊಂದು ಮೊಳೆ ಹೊಡೆದೆ.

ಆ ವರ್ಷ ನಾಗರಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಸ್ವಂತ ಮನೆಯ ಮೊದಲ ಪಂಚಮಿ ಎಂದು ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಮಾಡಿ ಡಬ್ಬಿ ತುಂಬಿಸಿದ್ದೆ. ಅದೇ ವಾರ ಘಟಪ್ರಭೆ, ಮಾರ್ಕಂಡೇಯ ಎರಡೂ ಏರಿದವು. ಲೋಳಸೂರ ಸೇತುವೆ ಮುಳುಗಿತು. ನಮ್ಮ ಓಣಿಗೆ ನೀರು ಬಂದದ್ದು ರಾತ್ರಿ, ಸದ್ದಿಲ್ಲದೆ, ಮೊದಲು ಬಚ್ಚಲಿನ ತೂಬಿನಿಂದ. ಬೆಳಕು ಹರಿಯುವಾಗ ಉಂಡಿ ಡಬ್ಬಿಗಳು ಅಡಿಗೆ ಮನೆಯಿಂದ ಪಡಸಾಲೆಗೆ ತೇಲಿಬಂದಿದ್ದವು. ಓಣಿಯ ಮುದುಕಿಯೊಬ್ಬಳು ಗಂಟು ಹೊತ್ತು ಹೋಗುತ್ತ ನಿಂತು ನನ್ನನ್ನು ನೋಡಿದಳು. "ಇಲ್ಲಿ ನೀರ ಬರತಾವ ಅಂತ ಯಾರೂ ಹೇಳಲಿಲ್ಲಲ್ಲ ಆಯಿ" ಎಂದು ನಾನು ಅತ್ತೆ. "ನೀವರ ಯಾರ್ನ ಕೇಳಿದ್ರಿ ಯವ್ವಾ?" ಎಂದಳು.

ಹೌದು, ಯಾರನ್ನೂ ಕೇಳಿರಲಿಲ್ಲ. ಏಜಂಟನನ್ನು ಕೇಳಿದ್ದೆವು, ಜ್ಯೋತಿಷಿಯನ್ನು ಕೇಳಿದ್ದೆವು. ಓಣಿಯನ್ನು ಕೇಳಿರಲಿಲ್ಲ.

ನಾವು ಹೋದದ್ದೆಲ್ಲಿಗೆ? ಅದೇ ಬಾಡಿಗೆ ಮನೆಗೆ. ಮೂರು ತಿಂಗಳಾದರೂ ಆಯಿ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. "ಬರ್ರಿ ಅಕ್ಕೋರ, ನಿಮ್ಮ ಮನಿ ಖಾಲಿನ ಐತಿ" ಎಂದು ಕೀಲಿ ತೆಗೆದರು. ಮೊಳೆಯ ಗುರುತಿಲ್ಲದ ಆ ಗೋಡೆಗೆ ಒರಗಿ ಕೂತು ನಾನು ಆಯಿ ಕೊಟ್ಟ ಬಿಸಿ ಚಹಾ ಕುಡಿದೆ. ಆಮೇಲೆ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ನೀರು ಹೊಕ್ಕ ಮನೆಯವರಿಗೆ ತುರ್ತಾಗಿ 10 ಸಾವಿರ ಎಂದು ಸಾರಿತು. ನಮ್ಮ ಮನೆ ಬಿದ್ದಿರಲಿಲ್ಲ, ನೆನೆದಿತ್ತು ಅಷ್ಟೇ. ಬ್ಯಾಂಕಿನ ಕಂತು ಮಾತ್ರ ನೆನೆಯಲಿಲ್ಲ.

ಇದು ನನ್ನೊಬ್ಬಳ ಕರ್ಮ ಎನ್ನಬೇಡಿರಿ. ಗೋಕಾಕದಲ್ಲಿ ಬೀಳುವ ಮಳೆ ಕಡಿಮೆಯೇ. ಆಕಾಶ ಬೆಳ್ಳಗಿದ್ದಾಗಲೂ ಹೊಳೆ ಬರುತ್ತದೆ, ಏಕೆಂದರೆ ಆ ನೀರು ನಮ್ಮದಲ್ಲ, ಘಟ್ಟದ್ದು. ಹುಕ್ಕೇರಿ ತಾಲೂಕಿನ ಹಿಡಕಲ್ ಆಣೆಕಟ್ಟು ಹಿಡಿಯುವುದು 51 ಟಿ.ಎಂ.ಸಿ. ಅದು ತುಂಬಿದ ಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಹಿರಣ್ಯಕೇಶಿ, ಮಾರ್ಕಂಡೇಯಗಳೂ ಘಟಪ್ರಭೆಯನ್ನೇ ಕೂಡುತ್ತವೆ. ಪ್ರತಿ ಮಳೆಗಾಲದಲ್ಲಿ ಬುತ್ತಿ ಕಟ್ಟಿಕೊಂಡು ಗೋಕಾಕ ಫಾಲ್ಸ್ ನೋಡಲು ಹೋಗುತ್ತೇವಲ್ಲ, 52 ಮೀಟರ್ ಕೆಳಗೆ ಧುಮುಕುವ ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯಾದರೂ ಕೇಳಿಕೊಂಡಿದ್ದೇವೆಯೆ? 2021ರ ಜುಲೈ, 2024ರ ಜುಲೈ, ಎರಡು ಸಲವೂ ಗೋಕಾಕದ ತಗ್ಗಿನ ಭಾಗಕ್ಕೆ ನೀರು ಬಂತು. ಎರಡೂ ಆಷಾಢವೇ. ಯಾರೂ ಮನೆ ನೋಡಲು ಬಾರದ ತಿಂಗಳು.

ಮೂಡಲಗಿಯಲ್ಲಿ ಹೊಳೆಯ ಭಯ ಬೇಡದ ಓಣಿಗಳಲ್ಲಿ ನೆಲದ ಭಯವಿದೆ. ಅದು ಎರೆ ಸೀಮೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಪಾಯ ಗರಸಿನವರೆಗೆ ಇಳಿಯದಿದ್ದರೆ ಗೋಡೆ ಅದರ ಜೊತೆಗೇ ಏಳುತ್ತ ಬೀಳುತ್ತ ಇರುತ್ತದೆ. 2018ರಲ್ಲಿ ಮೂಡಲಗಿ ತಾಲೂಕಾದಾಗ "ರೇಟ ಏರತೈತಿ, ಈಗ್ಲೇ ತಗೊಳ್ರಿ" ಎಂಬ ಗದ್ದಲದಲ್ಲಿ ನನ್ನ ಜೊತೆಯ ಶಿಕ್ಷಕಿಯೊಬ್ಬಳು ಹೊಸದಾಗಿ ಸುಣ್ಣ ಬಳಿದ ಮನೆ ಕೊಂಡಳು. ಮರು ಬೇಸಿಗೆಗೆ ಬಾಗಿಲ ಚೌಕಟ್ಟಿನಿಂದ ಮಾಳಿಗೆಯವರೆಗೆ ಬೆರಳು ಹೋಗುವಷ್ಟು ಬಿರುಕು. ಆ ಬಿರುಕು ಮೊದಲೂ ಇತ್ತು, ಸುಣ್ಣ ಮುಚ್ಚಿತ್ತು. ಮಳೆಗಾಲದಲ್ಲಿ ಹೋಗಿ ಬಾಗಿಲು ಹಾಕಿ ತೆಗೆದಿದ್ದರೆ ಸಾಕಿತ್ತು. ಚೌಕಟ್ಟು ಬಿಗಿಯುತ್ತಿತ್ತು, ಗುಟ್ಟು ರಟ್ಟಾಗುತ್ತಿತ್ತು.

ಹುಕ್ಕೇರಿಯಲ್ಲಿದ್ದ ನನ್ನ ನಾದಿನಿಯದು ಇದರ ತಿರುವು. ಅವಳು ಕಾರ್ತಿಕದಲ್ಲಿ ಮನೆ ಕೊಂಡಳು. ಬೋರ್‌ವೆಲ್ ಗುಂಡಿ ಒತ್ತಿದರೆ ನೀರು ಧೋ ಎಂದು ಬರುತ್ತಿತ್ತು. ಮೇ ತಿಂಗಳಲ್ಲಿ ಗಾಳಿ ಬಂತು. ಹಿಡಕಲ್ ಆಣೆಕಟ್ಟಿನ ತಾಲೂಕಿನಲ್ಲಿದ್ದು ಟ್ಯಾಂಕರಿಗೆ ಕಾಯ್ದು ಕೂತಳು. ಅಂಥ ಕಡೆ ಮನೆ ನೋಡಬೇಕಾದದ್ದು ಕಡು ಬೇಸಿಗೆಯಲ್ಲಿ. ಪ್ರತಿ ಊರಿನ ಮನೆಗೂ ನಿಜ ಹೇಳುವ ಒಂದು ಕಾಲವಿರುತ್ತದೆ. ಆ ಕಾಲದವರೆಗೆ ಕಾಯುವುದಕ್ಕೆ ನಮಗೆ ಒಂದು ಸೂರು ಬೇಕು. ಬಾಡಿಗೆ ಮನೆ ಎಂದರೆ ಆ ಸೂರು, ಅವಮಾನವಲ್ಲ.

"ಬಾಡಿಗಿ ಅಂದ್ರ ಹೊಳ್ಯಾಗ ಹುಣಸಿಹಣ್ಣ ತೊಳದಂಗ" ಎನ್ನುವವರಿಗೆ ಒಂದು ಲೆಕ್ಕ. ತಿಂಗಳಿಗೆ 5,000 ಬಾಡಿಗೆ ಎಂದರೆ ವರ್ಷಕ್ಕೆ 60,000. ಅದೇ 20 ಲಕ್ಷ ಸಾಲಕ್ಕೆ ಶೇ. 8.5ರ ಬಡ್ಡಿಯಂತೆ 15 ವರ್ಷದ ಅವಧಿಗೆ ಕಂತು ತಿಂಗಳಿಗೆ ಸುಮಾರು 19,700. ಮೊದಲ ವರ್ಷ ಕಟ್ಟುವ ಎರಡು ಲಕ್ಷ ಮೂವತ್ತಾರು ಸಾವಿರದಲ್ಲಿ ಸುಮಾರು ಒಂದು ಲಕ್ಷ ಅರವತ್ತೇಳು ಸಾವಿರ ಬರೇ ಬಡ್ಡಿ. ಅದೂ ತಿರುಗಿ ಬರುವ ಹಣವಲ್ಲ. ಹುಣಸೆಹಣ್ಣು ಎರಡೂ ಕಡೆ ಕರಗುತ್ತದೆ. ಒಂದು ವರ್ಷದ ಬಾಡಿಗೆ, ಹದಿನೈದು ವರ್ಷದ ತಪ್ಪಿಗೆ ಕಟ್ಟುವ ವಿಮೆ ಎಂದು ತಿಳಿಯಿರಿ.

"ಅಷ್ಟರಾಗ ರೇಟ ಏರಿದ್ರ?" ಏರಬಹುದು. ಆದರೆ ನೀರು ಬರುವ ಮನೆ ಅಗ್ಗವಾಗಿ ಸಿಕ್ಕರೂ ತುಟ್ಟಿಯೇ. "ನಿವೃತ್ತಿ ಹತ್ತಿರ ಬಂತು, ಆಮೇಲೆ ಬ್ಯಾಂಕಿನವರು ಸಾಲ ಕೊಡೂದಿಲ್ಲ" ಎನ್ನುವವರ ಸಂಕಟ ನನಗೆ ಗೊತ್ತು, ಅದು ನನ್ನದೂ ಆಗಿತ್ತು. ಆದರೆ ನಿವೃತ್ತಿ ಹತ್ತಿರ ಇದ್ದವರಿಗೆ ಎರಡನೆಯ ಮನೆ ಕೊಳ್ಳುವ ಅವಕಾಶ ಇಲ್ಲ. ಅವರೇ ಎಲ್ಲರಿಗಿಂತ ಹೆಚ್ಚು ಕಾಯಬೇಕು.

"ಶಾಸ್ತ್ರ ಬಿಡಬೇಕೇನು?" ಎಂದು ಅತ್ತೆಯವರು ಕೇಳುತ್ತಾರೆ. ಬೇಡ. ಆಷಾಢದಲ್ಲಿ ಮನೆ ಹೊಕ್ಕಬೇಡ ಎಂದು ಹಿರಿಯರು ಹೇಳಿದರೇ ಹೊರತು ಮನೆ ನೋಡಬೇಡ ಎನ್ನಲಿಲ್ಲ. ಹಾಲು ಶ್ರಾವಣದಲ್ಲಿ ಉಕ್ಕಿಸಿರಿ, ಕಾರ್ತಿಕದಲ್ಲಿ ಉಕ್ಕಿಸಿರಿ. ಮಿರಗದಿಂದ ಮಘಾ ಮಳೆಯವರೆಗೆ ಮಾತ್ರ ನಾಲ್ಕು ಸಲ ಆ ಓಣಿಯಲ್ಲಿ ನಡೆಯಿರಿ. ಒಮ್ಮೆ ರಾತ್ರಿ ಹೋಗಿರಿ. ಗೋಡೆಯ ಬುಡಕ್ಕೆ ಅಂಗೈ ಇಟ್ಟು ಥಂಡಿ ನೋಡಿರಿ. ಕಂಪೌಂಡಿನ ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಇದೆಯೆ ಎಂದು ಹುಡುಕಿರಿ. ಹಿಟ್ಟಿನ ಗಿರಣಿಯವನನ್ನು, ಕಟ್ಟೆಯ ಮೇಲಿನ ಮುದುಕಿಯರನ್ನು, "2019ರಾಗ ನೀರ ಎಲ್ಲಿತನ ಬಂದಿತ್ತು?" ಎಂದು ಕೇಳಿರಿ. ಅಷ್ಟು ದಿನದಲ್ಲಿ ಉತಾರ, ಋಣಭಾರ ಪತ್ರ ತೆಗೆಸಿ ತಿಳಿದವರಿಗೆ ತೋರಿಸಲಿಕ್ಕೂ ವೇಳೆ ಸಿಗುತ್ತದೆ. ಬಾಂಡ್ ಪೇಪರಿನ ಮೇಲೆ ಗುಂಟೆ ಲೆಕ್ಕದಲ್ಲಿ ಮಾರುವವನು ಮಾತ್ರ ಕಾಯಲು ಒಪ್ಪುವುದಿಲ್ಲ. ಅವನು ಒಪ್ಪದಿರುವುದೇ ನಿಮಗೆ ಉತ್ತರ.

ಇನ್ನೊಂದು ಮಾತು, ನಮ್ಮನಮ್ಮೊಳಗೆ. ನಮ್ಮನ್ನು ಅವಸರಪಡಿಸುವವರು ಏಜಂಟರಲ್ಲ, ನಾವೇ. ಕುಬಸದ ಮನೆಯಲ್ಲಿ ಮುತ್ತೈದೆಯರು ಕೇಳುವ ಆ ಒಂದು ಪ್ರಶ್ನೆಗೆ ಎಷ್ಟು ಪಾಟಲಿ, ಎಷ್ಟು ಬೋರಮಾಳ ಕರಗಿವೆಯೋ! ಬಾಡಿಗೆ ಮನೆಯವಳನ್ನು ಅರ್ಧ ಸಂಸಾರಸ್ಥೆಯಂತೆ ನೋಡುವುದನ್ನು ನಾವು ಬಿಟ್ಟರೆ ಅವಳು ಒಂದು ಮಳೆಗಾಲ ನೆಮ್ಮದಿಯಿಂದ ಕಾಯುತ್ತಾಳೆ.

ನಾವು ಈಗಲೂ ಅದೇ ಮನೆಯಲ್ಲಿದ್ದೇವೆ. ಮಾರಬಹುದು, ಬೇಸಿಗೆಯಲ್ಲಿ ಕೊಳ್ಳುವವರೂ ಬರುತ್ತಾರೆ. ಆದರೆ ನೀರು ಬರುತ್ತದೆ ಎಂದು ಹೇಳದೆ ಮಾರಲು ನನಗೆ ಬಾಯಿಲ್ಲ, ಹೇಳಿದರೆ ಕೊಳ್ಳುವವರಿಲ್ಲ. ಪ್ರತಿ ವರ್ಷ ಮಿರಗ ಕೂಡುತ್ತಲೇ ಟ್ರಂಕು, ಕಾಗದಪತ್ರ, ಅಕ್ಕಿ ಜೋಳ ಎಲ್ಲ ಅಟ್ಟಕ್ಕೆ ಏರಿಸುತ್ತೇನೆ. ಉಂಡಿ ಡಬ್ಬಿಯೂ ಅಲ್ಲಿಯೇ.

ಹೋದ ಆಷಾಢದಲ್ಲಿ ನಮ್ಮ ಸಾಲೆಯ ಎಳೆಯ ಶಿಕ್ಷಕಿಯೊಬ್ಬಳು ಮನೆ ನೋಡಲು ನನ್ನನ್ನೂ ಕರೆದೊಯ್ದಳು. ಜಿಟಿಜಿಟಿ ಮಳೆ. ಏಜಂಟ ಕೊಡೆ ಹಿಡಿದು ಗೊಣಗಿದ: "ಏನ್ರಿ ಅಕ್ಕೋರ, ಆಷಾಢದಾಗ ಯಾರರ ಮನಿ ನೋಡತಾರೇನ್ರಿ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಯ ಬುಡಕ್ಕೆ ಅಂಗೈ ಇಟ್ಟೆ.