ಚಿಕ್ಕಮಗಳೂರನ್ನು ಬೈದದ್ದು ಸಾಕು

ಜೂನ್ ಬಂತೆಂದರೆ ತುರ್ತುಪರಿಸ್ಥಿತಿಯ ನೆನಪಿನ ಸಭೆಗಳು ಶುರುವಾಗುತ್ತವೆ. 2024ರಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ್’ ಎಂದು ಘೋಷಿಸಿದ ಮೇಲಂತೂ ಈ ಸಭೆಗಳಿಗೆ ಸರ್ಕಾರಿ ಶಾಮಿಯಾನವೂ ಸಿಕ್ಕಿದೆ. ಭಾಷಣ ಕಾವೇರಿದ ಹೊತ್ತಿಗೆ ಯಾರಾದರೊಬ್ಬರು ಚಿಕ್ಕಮಗಳೂರಿನ ಹೆಸರು ತೆಗೆಯುತ್ತಾರೆ. ಇಡೀ ದೇಶ ಮನೆಗೆ ಕಳಿಸಿದ ಇಂದಿರಾ ಗಾಂಧಿಯವರನ್ನು ಇಪ್ಪತ್ತೇ ತಿಂಗಳಲ್ಲಿ ಮತ್ತೆ ಸಂಸತ್ತಿಗೆ ಕಳಿಸಿಕೊಟ್ಟವರು ನಮ್ಮವರೇ ಎಂದು ತಲೆ ತಗ್ಗಿಸಿ ಹೇಳುವ ಮಾತು. ಕಾಂಗ್ರೆಸ್ಸಿನವರ ಸಭೆಗೆ ಹೋದರೆ ಅದೇ ಊರಿನ ಹೆಸರನ್ನು ಎದೆಯುಬ್ಬಿಸಿ ಹೇಳುತ್ತಾರೆ: ಜನತಾ ನ್ಯಾಯಾಲಯದಲ್ಲಿ ಇಂದಿರಮ್ಮ ಗೆದ್ದು ಬಂದರಲ್ಲ, ಇನ್ನು ಕೇಳುವುದೇನು ಬಾಕಿ ಇದೆ?

ಎರಡೂ ಕಡೆಯವರದು ಒಂದೇ ತಪ್ಪು. ಮತಪೆಟ್ಟಿಗೆಯನ್ನು ನ್ಯಾಯಾಧೀಶರ ಪೀಠ ಎಂದುಕೊಂಡಿದ್ದಾರೆ. ಒಬ್ಬರಿಗೆ ಆ ತೀರ್ಪು ನಾಚಿಕೆಗೇಡು, ಇನ್ನೊಬ್ಬರಿಗೆ ದೋಷಮುಕ್ತಿ. ಚಿಕ್ಕಮಗಳೂರಿನ ಮತದಾರ ಇವೆರಡನ್ನೂ ಕೊಟ್ಟಿರಲಿಲ್ಲ. ಕೊಡುವ ಅಧಿಕಾರ ಅವನಿಗಿರಲಿಲ್ಲ, ಯಾರೂ ಅವನನ್ನು ಅದನ್ನು ಕೇಳಿಯೂ ಇರಲಿಲ್ಲ.

ಮೊದಲಿಗೆ ‘ಇಡೀ ದೇಶ’ ಎಂಬ ಮಾತನ್ನೇ ನೋಡಿ. 1977ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತರು, ಉತ್ತರದಲ್ಲಿ ಕಾಂಗ್ರೆಸ್ ನೆಲಕಚ್ಚಿತು, ನಿಜ. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. 1978ರ ಆರಂಭದಲ್ಲಿ ಪಕ್ಷ ಒಡೆದು, ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಇಂದಿರಾ ಬಣದಲ್ಲೇ ಉಳಿದು, ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ 224ರಲ್ಲಿ 149 ಗೆದ್ದರು. ಇಂದಿರಾ ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟಾಗ ಚಿಕ್ಕಮಗಳೂರು ಹೊಸದಾಗಿ ಮನಸ್ಸು ಬದಲಿಸಬೇಕಾದ ಪ್ರಸಂಗವೇ ಇರಲಿಲ್ಲ. ಅದು ಮೊದಲು ಎಲ್ಲಿತ್ತೋ ಅಲ್ಲೇ ಇತ್ತು.

ಉಪಚುನಾವಣೆಯಲ್ಲಿ ಎದುರಿಗೆ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅವರ ಪರವಾಗಿ ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸ್ ಹಳ್ಳಿ ಹಳ್ಳಿ ಸುತ್ತಿದರು. ಇತ್ತ ಕಾಂಗ್ರೆಸ್ಸಿನವರು ‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್‌ಮಗ್ಳೂರ್ ಭಾಯಿ ಚಿಕ್‌ಮಗ್ಳೂರ್’ ಎಂದು ಪ್ರಾಸ ಕಟ್ಟಿ ಕೂಗಿದರು. (ಮಲೆನಾಡಿನ ಮತದಾರನಿಗಾಗಿ ಕಟ್ಟಿದ ಘೋಷಣೆ ಹಿಂದಿಯಲ್ಲಿತ್ತು! ಅದು ಯಾರ ಕಿವಿಗೆಂದು ಕೂಗಿದ್ದೋ.) ನವೆಂಬರ್‌ನಲ್ಲಿ ಎಣಿಕೆ ಮುಗಿದಾಗ ಇಂದಿರಾ ಗಾಂಧಿ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿದ್ದರು. ಆ ಗೆಲುವು ಕೆರಳಿಸಿದ ಸಿಟ್ಟು ಸಣ್ಣದಲ್ಲ. ಜೈಲಿನಿಂದ ಹೊರಬಂದು ಇನ್ನೂ ಎರಡು ವರ್ಷ ಆಗದವರಿಗೆ ಅದು ಮುಖಕ್ಕೆ ಹೊಡೆದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸಿಟ್ಟು ಮತದಾರನ ಮೇಲೆ ತಿರುಗಿದ್ದು ಮಾತ್ರ ಅನ್ಯಾಯ. ಅನಕ್ಷರಸ್ಥರು, ತೋಟದ ಕೂಲಿಗಳು, ಅವರಿಗೆ ಸಂವಿಧಾನ ಎಂದರೇನು ಗೊತ್ತು ಎಂಬ ಮಾತು ಅಂದಿನಿಂದ ಇಂದಿನವರೆಗೂ ಬಾಯಿಂದ ಬಾಯಿಗೆ ದಾಟುತ್ತಾ ಬಂದಿದೆ.

ಅವರಿಗೆ ಏನು ಗೊತ್ತಿತ್ತು ಎಂಬುದನ್ನು ನೋಡಬೇಕಿದ್ದರೆ ‘ನಮೂನೆ 7’ ಎಂಬ ಕಾಗದವನ್ನು ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿದಾರ ತಾನು ಉಳುತ್ತಿದ್ದ ಜಮೀನಿನ ಹಕ್ಕು ಕೇಳಿ ಸಲ್ಲಿಸಬೇಕಾದ ಅರ್ಜಿ ಅದು. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು ಬರೆದು ಕೊಟ್ಟರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆಗೆ ಕರೆಯುತ್ತಿತ್ತು. ಆ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ತಲೆಮಾರುಗಳಿಂದ ಒಡೆಯನ ಅಂಗಳದಲ್ಲಿ ಗೇಣಿ ಅಳೆದು ಕೈಕಟ್ಟಿ ನಿಂತವನು ಅದೇ ಒಡೆಯನ ಪಕ್ಕದಲ್ಲಿ ನಿಂತು, ‘ಈ ಗದ್ದೆ ನಾನು ಮಾಡ್ತಾ ಇದ್ದೀನಿ ಸ್ವಾಮಿ’ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದ ಎಷ್ಟೋ ಮಂದಿಗೆ ಪಹಣಿಯಲ್ಲಿ ಹೆಸರು ಬಂತು. ತುರ್ತುಪರಿಸ್ಥಿತಿಯ ಆ ತಿಂಗಳುಗಳು ದೆಹಲಿಯ ಪತ್ರಕರ್ತನಿಗೆ ಸೆನ್ಸಾರ್‌ನವನ ಕೆಂಪು ಶಾಯಿಯಾಗಿ ನೆನಪಿವೆ; ಈ ಗೇಣಿದಾರನಿಗೆ ಪಹಣಿಯ ಪ್ರತಿಯಾಗಿ ನೆನಪಿವೆ. ಇಬ್ಬರ ನೆನಪೂ ಸುಳ್ಳಲ್ಲ.

ಭೂಮಿ ಕೊಟ್ಟದ್ದು ಅರಸು, ಇಂದಿರಾ ಅಲ್ಲ ಎಂದು ವಾದಿಸುವವರಿದ್ದಾರೆ. ಸರಿಯೇ. ಆದರೆ ಒಂದೇ ವೇದಿಕೆಯಲ್ಲಿ ನಿಂತು ಮತ ಕೇಳಿದ ಇಬ್ಬರನ್ನು ಮತದಾರ ಬಿಡಿಸಿ ನೋಡಬೇಕಿತ್ತು ಎನ್ನುವುದು ಯಾವ ನ್ಯಾಯ? ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕಾಫಿ ತೋಟಗಳಿಗೆ ಆ ಕಾಯ್ದೆಯ ಭೂಮಿತಿ ಅನ್ವಯಿಸಲೇ ಇಲ್ಲ. ಪ್ಲಾಂಟೇಶನ್ ಎಂದು ಹೊರಗಿಟ್ಟಿದ್ದರು. ಗದ್ದೆ, ಅಡಿಕೆ ತೋಟದ ಗೇಣಿದಾರ ಒಡೆಯನಾದ. ಎಸ್ಟೇಟಿನ ಲೈನ್ ಮನೆಯಲ್ಲಿದ್ದ ಕೂಲಿಯಾಳು ಲೈನ್ ಮನೆಯಲ್ಲೇ ಉಳಿದ. ಕಾಫಿ ದೊರೆಗಳಿಗೆ ಇಂದಿರಾ ಕಾಂಗ್ರೆಸ್ಸಿನಿಂದ ನಿದ್ದೆ ಕೆಡುವಂಥದ್ದೇನೂ ಆಗಿರಲಿಲ್ಲ. ಹಾಗಾಗಿ ಚಿಕ್ಕಮಗಳೂರಿನ ಗೆಲುವನ್ನು ಬಡವರ ಕೃತಜ್ಞತೆಯ ಹಬ್ಬವಾಗಿ ಬಣ್ಣಿಸುವ ಕಾಂಗ್ರೆಸ್ ಕಥೆಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ಎದುರು ಪಕ್ಷ ಕೊಟ್ಟದ್ದಾದರೂ ಏನು? ಒಂದೂವರೆ ವರ್ಷ ಆಳಿದ್ದ ಜನತಾ ಸರ್ಕಾರದಲ್ಲಿ ಗೃಹ ಮಂತ್ರಿ ಚರಣ್ ಸಿಂಗ್ ಮತ್ತು ಪ್ರಧಾನಿ ಮೊರಾರ್ಜಿ ದೇಸಾಯಿ ಬಹಿರಂಗವಾಗಿಯೇ ಜಗಳಾಡಿ, 1978ರ ನಡುವಿನಲ್ಲಿ ಚರಣ್ ಸಿಂಗ್ ಸಂಪುಟದಿಂದ ಹೊರಬಿದ್ದಿದ್ದರು. ವೀರೇಂದ್ರ ಪಾಟೀಲರು ಸಜ್ಜನರೇ. ಆದರೆ ಅವರಿಗೆ ಮತ ಹಾಕಿದರೆ ಮಲೆನಾಡಿಗೆ ಏನು ಬರುತ್ತದೆ ಎಂದು ಹೇಳುವವರಿರಲಿಲ್ಲ. ‘ಆಕೆ ಬರಬಾರದು’ ಎಂಬುದೊಂದೇ ಪ್ರಚಾರ. ಯಾರು ಬರಬಾರದು ಎಂದಷ್ಟೇ ಹೇಳಿ ಗೆದ್ದವರು 1977ರಲ್ಲಿ ಉತ್ತರದಲ್ಲಿ ಇದ್ದರು. ಅಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ ಮನೆಮನೆಯ ಬಾಗಿಲು ತಟ್ಟಿತ್ತು. ಇಲ್ಲಿ ಅದರ ಬಿಸಿ ಅಷ್ಟು ಮುಟ್ಟಿರಲಿಲ್ಲ.

ಹಾಗೆಂದು ಕರ್ನಾಟಕದಲ್ಲಿ ತುರ್ತುಪರಿಸ್ಥಿತಿ ತಣ್ಣಗಿತ್ತು ಎನ್ನುವವರು ಬೆಂಗಳೂರು ಸೆಂಟ್ರಲ್ ಜೈಲನ್ನು ಮರೆತಿದ್ದಾರೆ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬಂಧಿಗಳಾಗಿದ್ದದ್ದು ಅಲ್ಲಿಯೇ. ನಟಿ ಸ್ನೇಹಲತಾ ರೆಡ್ಡಿ ಇದ್ದದ್ದೂ ಅಲ್ಲಿಯೇ. ಅಸ್ತಮಾದಿಂದ ಉಸಿರು ಕಟ್ಟುತ್ತಿದ್ದ ಆ ಹೆಣ್ಣುಮಗಳನ್ನು 1976ರ ಮೇ ತಿಂಗಳಲ್ಲಿ ಒಳಗೆ ಹಾಕಿ, ದೇಹಸ್ಥಿತಿ ಕೈಮೀರಿದ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಅವರು ಓಡಾಡಿದ್ದು ಇದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ಶಿವರಾಮ ಕಾರಂತರು ಪ್ರತಿಭಟಿಸಿ ಪದ್ಮಭೂಷಣವನ್ನು ವಾಪಸ್ ಮಾಡಿದ್ದೂ ಇದೇ ಕರ್ನಾಟಕದಿಂದ. 77 ಸಾವಿರದ ಅಂತರ ಸ್ನೇಹಲತಾ ರೆಡ್ಡಿಯವರ ಸಾವಿನ ಲೆಕ್ಕವನ್ನು ಚುಕ್ತಾ ಮಾಡಿತು ಎಂದು ಹೇಳುವ ಧೈರ್ಯ ಯಾವ ಕಾಂಗ್ರೆಸ್ಸಿಗನಿಗಿದೆಯೋ ನೋಡೋಣ. ಎರಡು ಲಕ್ಷದ ಅಂತರವಾಗಿದ್ದರೂ ಅದು ಚುಕ್ತಾ ಆಗುತ್ತಿರಲಿಲ್ಲ.

ಆ ಲೆಕ್ಕ ಕೇಳಬೇಕಾದವರು ಯಾರು? ಅಧಿಕಾರ, ಪೊಲೀಸು, ಸಿಬಿಐ, ಕಾನೂನು ಇಲಾಖೆ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡಿದ್ದ ಜನತಾ ಸರ್ಕಾರ. ಅದು ಮಾಡಿದ್ದನ್ನು ನೋಡಿ. 1977ರ ಅಕ್ಟೋಬರ್ 3ರಂದು ಇಂದಿರಾ ಅವರನ್ನು ಬಂಧಿಸಿದರು. ತುರ್ತುಪರಿಸ್ಥಿತಿಗಾಗಿ ಅಲ್ಲ; ಚುನಾವಣೆಗೆ ಬಳಸಿದ ಜೀಪುಗಳು ಮತ್ತು ಒಂದು ತೈಲ ಗುತ್ತಿಗೆಯ ಆರೋಪದ ಮೇಲೆ! ಸಾವಿರಾರು ಜನರನ್ನು ವಿಚಾರಣೆ ಇಲ್ಲದೆ ಜೈಲಿಗಟ್ಟಿದ ಸರ್ಕಾರದ ಮುಖ್ಯಸ್ಥೆಯ ಮೇಲೆ ಜೀಪಿನ ಕೇಸು. ದೆಹಲಿಯಿಂದ ಹರಿಯಾಣದ ಬಡ್ಕಲ್‌ ಕಡೆಗೆ ಕರೆದೊಯ್ಯುತ್ತಿದ್ದಾಗ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಆಕೆ ಕಾರಿನಿಂದ ಇಳಿದು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ವಾರಂಟ್ ಇಲ್ಲದೆ ದೆಹಲಿಯ ಗಡಿ ದಾಟಿಸುವಂತಿಲ್ಲ ಎಂದು ವಕೀಲರು ತಕರಾರು ತೆಗೆದರು. ಪೊಲೀಸರು ಬಂದ ದಾರಿಯಲ್ಲೇ ವಾಪಸು. ಮರುದಿನ ಮ್ಯಾಜಿಸ್ಟ್ರೇಟರು ಹಿಡಿದಿಡಲು ಆಧಾರವೇ ಇಲ್ಲ ಎಂದು ಬಿಟ್ಟುಬಿಟ್ಟರು. ಚಿಕ್ಕಮಗಳೂರಿನ ಗೆಲುವಿನ ದಾರಿ ಆ ಮೋರಿಕಟ್ಟೆಯಿಂದ ಶುರುವಾಯಿತು ಎಂದರೆ ತಪ್ಪಾಗದು. ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಕಷ್ಟಪಟ್ಟು ಸಾಕ್ಷ್ಯ ಕಲೆಹಾಕಿತು; ಅದರ ಮುಂದೆ ಇಂದಿರಾ ಪ್ರಮಾಣ ಸ್ವೀಕರಿಸಲೂ ಒಪ್ಪಲಿಲ್ಲ. ವಿಶೇಷ ನ್ಯಾಯಾಲಯಗಳ ಕಾಯ್ದೆ ಬಂದದ್ದು 1979ರಲ್ಲಿ, ಸರ್ಕಾರವೇ ಬೀಳುವ ವರ್ಷದಲ್ಲಿ.

ಕೋರ್ಟಿನಲ್ಲಿ ಆಗದ್ದನ್ನು ಸಂಖ್ಯಾಬಲದಿಂದ ಮಾಡಲು ಹೊರಟರು. ಮಾರುತಿ ಕಂಪನಿಯ ಬಗ್ಗೆ ಸಂಸತ್ತಿಗಾಗಿ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟರೆಂಬ ಹಕ್ಕುಚ್ಯುತಿಯ ಮೇಲೆ 1978ರ ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಉಚ್ಚಾಟಿಸಿತು, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೂ ಕಳಿಸಿತು. ಆರೋಪ ಗಂಭೀರವೇ. ಆದರೆ ಆರೋಪಿಸಿದವರು, ವಿಚಾರಿಸಿದವರು, ಶಿಕ್ಷೆ ಕೊಟ್ಟವರು ಎಲ್ಲರೂ ಆಕೆಯ ರಾಜಕೀಯ ಎದುರಾಳಿಗಳ ಬಹುಮತದವರು. ಚಿಕ್ಕಮಗಳೂರು ಮತ ಹಾಕಿ ಆರೇಳು ವಾರವಾಗಿತ್ತು. ಅಷ್ಟರಲ್ಲಿ ಅದರ ಪ್ರತಿನಿಧಿ ಇಲ್ಲವಾದರು. ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿ: ಆಗ ಸ್ಪೀಕರ್ ಪೀಠದಲ್ಲಿದ್ದವರು ಬೆಂಗಳೂರು ದಕ್ಷಿಣದಿಂದ ಗೆದ್ದಿದ್ದ ಕೆ.ಎಸ್. ಹೆಗ್ಡೆ. 1973ರಲ್ಲಿ ಇಂದಿರಾ ಸರ್ಕಾರ ಹಿರಿತನ ಕಡೆಗಣಿಸಿ ಬದಿಗೆ ಸರಿಸಿದ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಅವರ ನಿಷ್ಪಕ್ಷಪಾತವನ್ನು ನಾನು ಪ್ರಶ್ನಿಸುತ್ತಿಲ್ಲ. ನ್ಯಾಯ ನಡೆದಂತೆ ಕಾಣಲೂ ಬೇಕು ಎಂಬ ಮಾತನ್ನು ಬಲ್ಲ ಅಷ್ಟು ದೊಡ್ಡ ನ್ಯಾಯಮೂರ್ತಿ ಆ ಸಭೆಯಲ್ಲೇ ಇದ್ದರೂ ಸಭೆ ಅದಕ್ಕೆ ಕಾಯಲಿಲ್ಲ ಎಂಬುದಷ್ಟೇ ನನ್ನ ಸಂಕಟ.

ಉಚ್ಚಾಟನೆಯ ಮರುದಿನವೇ ಇಬ್ಬರು ಯುವಕರು ಆಟಿಕೆ ಪಿಸ್ತೂಲು ಹಿಡಿದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿ ಇಂದಿರಾ ಬಿಡುಗಡೆಗೆ ಒತ್ತಾಯಿಸಿದರು. ಮುಂದೆ ಕಾಂಗ್ರೆಸ್ ಅವರಿಗೆ ಉತ್ತರಪ್ರದೇಶದಲ್ಲಿ ಟಿಕೆಟ್ ಕೊಟ್ಟಿತು. 1980ರಲ್ಲಿ ಇಂದಿರಾ 353 ಸ್ಥಾನಗಳೊಂದಿಗೆ ವಾಪಸಾದರು. ಮೇದಕ್ ಜೊತೆಗೆ ರಾಯ್‌ಬರೇಲಿಯೂ ಅವರನ್ನು ಗೆಲ್ಲಿಸಿತು, 1977ರಲ್ಲಿ ಸೋಲಿಸಿದ ಅದೇ ರಾಯ್‌ಬರೇಲಿ. ದಕ್ಷಿಣದ ಅಜ್ಞಾನದ ವಾದ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1981ರ ಮೇ ತಿಂಗಳಲ್ಲಿ ಹೊಸ ಲೋಕಸಭೆ ಉಚ್ಚಾಟನೆಯ ನಿರ್ಣಯವನ್ನೇ ರದ್ದು ಮಾಡಿತು. ಒಂದು ಬಹುಮತ ಹಾಕಿದ ಶಿಕ್ಷೆಯನ್ನು ಮುಂದೆ ಬಂದ ಬಹುಮತ ಅಳಿಸಿತು. ಮಾರುತಿ ಪ್ರಕರಣದ ಸತ್ಯ ಏನು ಎಂಬುದು ಎರಡೂ ಸಲ ಯಾರಿಗೂ ಬೇಕಾಗಿರಲಿಲ್ಲ.

ಬಹುಮತದಿಂದ ನ್ಯಾಯ ತೀರ್ಮಾನವಾಗದು ಎಂಬ ಪಾಠ ನಾವು ಕಲಿತಿದ್ದೇವೆಯೇ? 2023ರ ಡಿಸೆಂಬರ್‌ನಲ್ಲಿ ಲೋಕಸಭೆ ಮಹುವಾ ಮೊಯಿತ್ರಾ ಅವರನ್ನು ಧ್ವನಿಮತದಿಂದ ಉಚ್ಚಾಟಿಸಿತು; ಆರು ತಿಂಗಳಲ್ಲಿ ಕೃಷ್ಣಾನಗರ ಅವರನ್ನೇ ಆರಿಸಿ ಕಳಿಸಿತು. ಉಚ್ಚಾಟಿಸುವ ಅಧಿಕಾರ ಸದನಕ್ಕಿದೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ, ಒಪ್ಪೋಣ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದ ಸದಸ್ಯನ ಸ್ಥಾನ ತಾನಾಗಿ ಹೋಗುತ್ತದೆ ಎಂಬ ಕಾನೂನು ಕೂಡ ಇದೆ. ಅದಕ್ಕೆ ನ್ಯಾಯಾಲಯದ ತೀರ್ಪು ಬೇಕು. ಕಷ್ಟದ ಆ ದಾರಿ ಬಿಟ್ಟು ಸುಲಭದ ದಾರಿ ಹಿಡಿದಾಗಲೆಲ್ಲ ‘ಜನರೇ ಗೆಲ್ಲಿಸಿದ್ದಾರೆ’ ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಇಂದು ಆರೋಪ ಹೊತ್ತು ಗೆದ್ದ ಯಾವ ಪಕ್ಷದ ನಾಯಕನ ಬಾಯಲ್ಲೂ ಅದೇ ಮಾತು.

ಇನ್ನು ಚಿಕ್ಕಮಗಳೂರನ್ನು ಬೈಯುವವರು ಉಳಿದ ಪಾತ್ರಧಾರಿಗಳು ಏನಾದರು ಎಂದೂ ಒಮ್ಮೆ ನೋಡಬಹುದು. ಇಂದಿರಾ ಎದುರು ಸೋತ ವೀರೇಂದ್ರ ಪಾಟೀಲರು 1980ರಲ್ಲಿ ಅವರದೇ ಪಕ್ಷದಿಂದ ಬಾಗಲಕೋಟೆಯಲ್ಲಿ ಗೆದ್ದು ಅವರದೇ ಸಂಪುಟದಲ್ಲಿ ಮಂತ್ರಿಯಾದರು. ಗೆಲ್ಲಿಸಿಕೊಟ್ಟ ಅರಸು 1979ರಲ್ಲೇ ಆಕೆಯ ಜೊತೆ ಜಗಳವಾಡಿ ಬೇರೆಯಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಕೊನೆಗೆ 2009ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಸಂಸದರಾದರು. ಆಕೆಯನ್ನು ಬಂಧಿಸಿದಾಗ ಗೃಹ ಮಂತ್ರಿಯಾಗಿದ್ದ ಚರಣ್ ಸಿಂಗ್ 1979ರ ಜುಲೈನಲ್ಲಿ ಪ್ರಧಾನಿಯಾದದ್ದು ಆಕೆಯದೇ ಬೆಂಬಲದಿಂದ. ಬೆಂಬಲ ಹಿಂತೆಗೆದಾಗ ಸಂಸತ್ತನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟರು. ತುರ್ತುಪರಿಸ್ಥಿತಿಯಲ್ಲಿ ದೆಹಲಿಯ ತುರ್ಕ್‌ಮನ್ ಗೇಟಿನ ಮನೆಗಳನ್ನು ನೆಲಸಮ ಮಾಡಿಸಿದ ಅಧಿಕಾರಿ ಜಗ್‌ಮೋಹನ್ ಅವರನ್ನು ಶಾ ಆಯೋಗ ಕಟುವಾಗಿ ಟೀಕಿಸಿತ್ತು. ಅವರು ನವದೆಹಲಿ ಕ್ಷೇತ್ರದಿಂದ ಬಿಜೆಪಿ ಟಿಕೆಟ್ಟಿನಲ್ಲಿ 1996, 1998, 1999ರಲ್ಲಿ ಮೂರು ಸಲ ಗೆದ್ದರು, ವಾಜಪೇಯಿ ಸಂಪುಟದಲ್ಲಿ ಮಂತ್ರಿಯಾದರು, 2016ರಲ್ಲಿ ಪದ್ಮವಿಭೂಷಣವೂ ಬಂತು. ನವದೆಹಲಿಯ ಮತದಾರರು ಓದು ಬಲ್ಲವರು, ಸಂವಿಧಾನ ಗೊತ್ತಿದ್ದವರು. ಅವರನ್ನು ಜೂನ್ 25ರ ಯಾವ ವೇದಿಕೆಯ ಮೇಲೂ ಯಾರೂ ಬೈದದ್ದನ್ನು ನಾನು ಕೇಳಿಲ್ಲ.