ಹದಿನೇಳು ಗಂಟೆಯ ಲೆಕ್ಕ



ಕಳೆದ ಮಾಘ ಮಾಸದ ಒಂದು ಗುರುವಾರ ಸಂಜೆ ರಾವಂದೂರಿನ ಭಕ್ತರ ಮನೆಯೊಂದರಲ್ಲಿ ಹಿರಿಯ ತಾಯಿಯೊಬ್ಬರು ಲಿಂಗೈಕ್ಯರಾದರು. ಅವರ ಒಬ್ಬನೇ ಮಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿದ್ದಾನೆ. “ಗುರುಗಳೇ, ಅಲ್ಲಿಂದ ಬೆಂಗಳೂರಿಗೆ ಹದಿನೇಳು ಗಂಟೆಯಂತೆ. ಕಾಯೋಣವೇ?” ಎಂದು ಬಂಧುಗಳು ಕೇಳಿದರು. “ಹಾಗಾದರೆ ನಾಳೆ ಮಧ್ಯಾಹ್ನಕ್ಕೆ ಬರುತ್ತಾನೆ, ಕಾಯಿರಿ” ಎಂದೆವು. ಶುಕ್ರವಾರ ಸೂರ್ಯಾಸ್ತದವರೆಗೂ ಮಗ ಬರಲಿಲ್ಲ. ಇನ್ನು ಕಾಯಲಾಗದೆ ಕ್ರಿಯಾಸಮಾಧಿಯನ್ನು ನೆರವೇರಿಸಿದೆವು. ಶನಿವಾರ ಮಧ್ಯಾಹ್ನದ ಮೇಲೆ ಆತ ಬಂದು ನಿಂತಾಗ ಸಮಾಧಿಯ ಮೇಲಣ ಮಣ್ಣು ಇನ್ನೂ ಆರಿರಲಿಲ್ಲ. “ವಿಮಾನವಿದ್ದೂ ತಡಮಾಡಿದ” ಎಂದು ಕೆಲವರು ಆಡಿಕೊಂಡರು. ತಪ್ಪು ಆತನದಲ್ಲ, ಲೆಕ್ಕ ತಿಳಿಯದೆ ಮಾತು ಕೊಟ್ಟ ನಮ್ಮದು.

ಹದಿನೇಳು ಗಂಟೆ ಎಂಬುದು ಸುಳ್ಳಲ್ಲ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟಿತು. ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿದರು. ಉತ್ತರ ಧ್ರುವದ ಮೇಲೆ ಹಾದು, ಎಲ್ಲಿಯೂ ಇಳಿಯದೆ, ಸುಮಾರು 17 ಗಂಟೆ ಹಾರಿ ದೇವನಹಳ್ಳಿಯಲ್ಲಿ ಇಳಿಯಿತು. ಎರಡೂ ನಿಲ್ದಾಣಗಳ ನಡುವಣ ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ಭೂಪಟದಲ್ಲಿ ಈ ಧ್ರುವದ ದಾರಿ ಸುತ್ತಾಗಿ ಕಾಣುತ್ತದೆ. ಮಕ್ಕಳ ಶಾಲೆಯ ಭೂಗೋಲದ ಮೇಲೆ ಎರಡೂ ಊರುಗಳಿಗೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ಹತ್ತಿರದ ದಾರಿ ಉತ್ತರದ ಕಡೆಯಿಂದಲೇ ಹೋಗುತ್ತದೆಂಬುದು ತಿಳಿಯುತ್ತದೆ.

ಶನಿವಾರ ರಾತ್ರಿ ಹೊರಟ ಆ ವಿಮಾನ ಇಲ್ಲಿಗೆ ತಲುಪಿದ್ದು 11ರ ಸೋಮವಾರ ಬೆಳಗಿನ ಜಾವ. ನಡುವಣ ಭಾನುವಾರವೆಲ್ಲಿ ಹೋಯಿತು? ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು.

ನಾವು ಮರೆತದ್ದು ಇದನ್ನಷ್ಟೇ ಅಲ್ಲ. ಸುದ್ದಿ ಮುಟ್ಟಿದೊಡನೆ ಟಿಕೆಟ್ ದೊರೆಯಬೇಕು. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ನೇರ ವಿಮಾನವನ್ನೇ ನೆಚ್ಚುವಂತಿಲ್ಲ. ನಡುವೆ ಒಂದೆಡೆ ಇಳಿದು ಹತ್ತಿದರೆ ಇಪ್ಪತ್ತು ಗಂಟೆ ಮೀರುತ್ತದೆ. ದೇವನಹಳ್ಳಿಯಲ್ಲಿ ಇಳಿದ ಮೇಲೆ ತಪಾಸಣೆ, ಅನಂತರ ಬೆಂಗಳೂರು, ಮೈಸೂರು, ಹುಣಸೂರು ದಾಟಿ ರಾವಂದೂರಿಗೆ ಐದಾರು ತಾಸು. ಎಲ್ಲವೂ ಸುಗಮವಾದರೂ ಒಂದೂವರೆ ದಿನ. ಬಹುಮಟ್ಟಿಗೆ ಎರಡು ದಿನ.

ಆದುದರಿಂದ ಮಕ್ಕಳು ಹೊರದೇಶದಲ್ಲಿರುವ ಮನೆಗಳವರಲ್ಲಿ ನಮ್ಮ ವಿನಂತಿ ಇಷ್ಟೆ. “ವಿಮಾನಕ್ಕೆ ಎಷ್ಟು ಗಂಟೆ?” ಎಂದು ಕೇಳದಿರಿ. “ಟಿಕೆಟ್ ಕೈಗೆ ಬಂತೇ? ನಮ್ಮ ಗಡಿಯಾರದಂತೆ ಮನೆಯ ಬಾಗಿಲಿಗೆ ಯಾವ ದಿನ, ಎಷ್ಟು ಹೊತ್ತಿಗೆ ಬರುವೆ?” ಎಂದು ಕೇಳಿರಿ. ಕಾಯುವುದಾದರೆ ಶವವನ್ನಿರಿಸುವ ತಂಪುಪೆಟ್ಟಿಗೆಯನ್ನು ಮೊದಲೇ ತರಿಸಿರಿ. ಕಾಯಲಾಗದಿದ್ದರೆ ಮಗನಿಗೆ ತಿಳಿಸಿ, ಆತನ ಒಪ್ಪಿಗೆ ಪಡೆದು ಕ್ರಿಯೆ ನಡೆಸಿರಿ. ಅನಂತರ ಬಂದವನನ್ನು ಯಾರೂ ನೋಯಿಸಬಾರದು.

ಆ ಮಗ ನಮ್ಮನ್ನು ದೂರಲಿಲ್ಲ. “ಅವ್ವನನ್ನು ಒಂದು ರಾತ್ರಿ ಹೆಚ್ಚಿಗೆ ಇರಿಸಿಕೊಳ್ಳಲಾಗುತ್ತಿರಲಿಲ್ಲವೇ?” ಎಂದು ಮಾತ್ರ ಕೇಳಿದ. ತಂಪುಪೆಟ್ಟಿಗೆ ತರಿಸಿದ್ದರೆ ಆಗುತ್ತಿತ್ತು. ಆ ಮಾತಿಗೆ ಅಂದು ನಾವು ಉತ್ತರ ಕೊಡಲಾರದೆ ಹೋದೆವು.